ಫೋಟೋಕ್ಕೆ ಕೂರುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕ್ಯಾಮೆರಾ ಬಗ್ಗೆ ಕೇಳಿಲ್ಲ. ಕ್ಯಾಮೆರಾ ಮುಂದೆ ಕೂರುವ ಭಯದ ಬಗ್ಗೆ ಕೇಳಿದ್ದಾರೆ. ಕೆಲಸಕ್ಕೆ, ಬಡ್ತಿಗೆ, ಪುಸ್ತಕಕ್ಕೆ ಫೋಟೋ ಬೇಕು, ಆದರೆ ಸ್ಟುಡಿಯೋ ಮೆಟ್ಟಿಲು ಹತ್ತಲು ಮನಸ್ಸಿಲ್ಲ. ಶಿವಮೊಗ್ಗದಲ್ಲಿ ಅಪ್ಪ ಶುರು ಮಾಡಿದ ಸ್ಟುಡಿಯೋದಲ್ಲೇ ನಾನು ಬೆಳೆದದ್ದು, ಈಗಲೂ ಅಲ್ಲೇ ನನ್ನ ಕೆಲಸ. ಸ್ಟೂಲಿನ ಮೇಲೆ ಕೂತ ಕೂಡಲೇ ಜನರ ಹೆಗಲು ಕಿವಿಯ ತನಕ ಏರುವುದನ್ನು ದಿನಾ ನೋಡುತ್ತೇನೆ. ಹಾಗಾಗಿ ಇಡೀ ಅಂಕಣವನ್ನು ಈ ಪತ್ರಗಳಿಗೇ ಕೊಡುತ್ತಿದ್ದೇನೆ.

ಪ್ರಶ್ನೆ: ನಾನು ಪದವಿ ಕಾಲೇಜಿನ ಅಧ್ಯಾಪಕಿ, ವಯಸ್ಸು 47. ಮುಂದಿನ ತಿಂಗಳು ಪ್ರಿನ್ಸಿಪಾಲ್ ಆಗಿ ಚಾರ್ಜ್ ತಗೋಬೇಕು. ವೆಬ್‌ಸೈಟಿಗೆ, ಪ್ರಾಸ್ಪೆಕ್ಟಸ್ಸಿಗೆ ಒಂದು ಒಳ್ಳೆಯ ಫೋಟೋ ಕೊಡಿ ಅಂದಿದ್ದಾರೆ. ನನ್ನ ಮುಂದಿನ ಹಲ್ಲು ಸ್ವಲ್ಪ ಉಬ್ಬು. ಕನ್ನಡಿಯಲ್ಲಿ ಚೆನ್ನಾಗೇ ಕಾಣುತ್ತೇನೆ, ಫೋಟೋದಲ್ಲಿ ಮಾತ್ರ ಬೇರೆ ಯಾರೋ ಅನ್ನಿಸುತ್ತದೆ. ಮದುವೆ ಆಲ್ಬಮ್ಮಿನ ತುಂಬ ಬಾಯಿ ಬಿಗಿ ಹಿಡಿದೇ ನಿಂತಿದ್ದೇನೆ. ಆತ್ಮವಿಶ್ವಾಸ ಎಲ್ಲಿಂದ ತರಲಿ?
— ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಅಭಿನಂದನೆ, ಮೇಡಂ. ಆಮೇಲೆ ಹಲ್ಲಿನ ವಿಷಯ.

ಕನ್ನಡಿಯಲ್ಲಿ ಸರಿ, ಫೋಟೋದಲ್ಲಿ ಅಲ್ಲ ಎಂದು ನನ್ನ ಹತ್ತಿರ ಬರುವ ತುಂಬ ಜನ ಹೇಳುತ್ತಾರೆ. ಅದು ಬರೀ ಅನಿಸಿಕೆ ಅಲ್ಲ, ಅದಕ್ಕೆ ಕಾರಣವಿದೆ. ಕನ್ನಡಿ ಎಡವನ್ನು ಬಲ ಮಾಡಿ ತೋರಿಸುತ್ತದೆ. ಒಂದು ಹುಬ್ಬು ಸ್ವಲ್ಪ ಮೇಲಿರುವುದು, ನಕ್ಕಾಗ ತುಟಿ ಒಂದು ಕಡೆ ಜಾಸ್ತಿ ಎಳೆಯುವುದು, ಬೈತಲೆ ಯಾವ ಕಡೆಗಿದೆ ಅನ್ನುವುದು, ಇದನ್ನೆಲ್ಲ ನೀವು ಇಷ್ಟು ವರ್ಷ ನೋಡಿರುವುದು ಆ ತಿರುಗಿದ ರೂಪದಲ್ಲಿ. ಫೋಟೋದಲ್ಲಿ ಅದೇ ಮುಖ ನೇರವಾಗಿ ಬಂದಾಗ ಏನೋ ಓರೆಯಾಗಿದೆ ಅನ್ನಿಸುತ್ತದೆ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿದರು. ಒಬ್ಬರ ಒಂದೇ ಫೋಟೋವನ್ನು ನೇರವಾಗಿ ಒಂದು, ಕನ್ನಡಿಯ ಹಾಗೆ ತಿರುಗಿಸಿ ಒಂದು ಪ್ರಿಂಟ್ ಹಾಕಿದರು. ಫೋಟೋದಲ್ಲಿದ್ದವರು ಹೆಚ್ಚಾಗಿ ತಿರುಗಿಸಿದ್ದನ್ನು ಆರಿಸಿದರು. ಅವರ ಆಪ್ತರು ಹೆಚ್ಚಾಗಿ ನೇರವಾದದ್ದನ್ನು ಆರಿಸಿದರು. ಅಂದರೆ ನಿಮಗೆ ಬೇರೆ ಯಾರೋ ಅನ್ನಿಸುವ ಆ ಮುಖವೇ ನಿಮ್ಮ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತಿರುವ ಮುಖ.

ಇನ್ನು ಉಬ್ಬು. ಮೊಬೈಲನ್ನು ಕೈಯಲ್ಲಿ ಹಿಡಿದು ತೆಗೆದ ಫೋಟೋ ನೋಡಿ ನಿಮ್ಮ ಹಲ್ಲಿನ ಬಗ್ಗೆ ತೀರ್ಮಾನ ಮಾಡಬೇಡಿ. ತೀರಾ ಹತ್ತಿರದಿಂದ ತೆಗೆದರೆ ಮುಂದಿರುವುದೆಲ್ಲ ದೊಡ್ಡದಾಗಿ, ಹಿಂದಿರುವುದು ಚಿಕ್ಕದಾಗಿ ಕಾಣುತ್ತದೆ. ಐದು ಅಡಿ ದೂರದ ಫೋಟೋಕ್ಕೆ ಹೋಲಿಸಿದರೆ ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ಶೇ 30ರಷ್ಟು ಜಾಸ್ತಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ಪ್ರಕಟಿಸಿದರು. ಮೂಗು ದೊಡ್ಡದಾಗುವ ಕಾರಣಕ್ಕೇ ಮುಂದಿನ ಹಲ್ಲೂ ಮುಂದೆ ಬರುತ್ತದೆ. ನಾವು ಮುಖದ ಫೋಟೋಕ್ಕೆ 85 ಎಂಎಂ ಅಥವಾ ಅದರ ಆಸುಪಾಸಿನ ಲೆನ್ಸ್ ಹಾಕಿ ಐದಾರು ಅಡಿ ಹಿಂದೆ ನಿಲ್ಲುವುದು ಇದಕ್ಕೇ. ಕ್ಯಾಮೆರಾ ನಿಮ್ಮ ಕಣ್ಣಿನ ಎತ್ತರದಲ್ಲಿರಲಿ. ಕೆಳಗಿನಿಂದ ಬೇಡ, ತೀರಾ ಪಕ್ಕದಿಂದಲೂ ಬೇಡ.

ಈಗ ನಿಮ್ಮ ನಿಜವಾದ ಪ್ರಶ್ನೆ. ಆತ್ಮವಿಶ್ವಾಸವನ್ನು ಮನೆಯಿಂದಲೇ ತುಂಬಿಕೊಂಡು ಬರಬೇಕು ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಅನುಭವದಲ್ಲಿ ಅದು ಸ್ಟುಡಿಯೋದ ಒಳಗೆ, ಕ್ಯಾಮೆರಾ ಹಿಂದೆ ಇರುವವರ ಜೊತೆ ಮಾತು ಹೊಂದಿದ ಮೇಲೆ ಬರುತ್ತದೆ. ಅದಕ್ಕೇ ನಾನು ಹೇಳುವ ಮೊದಲ ತಯಾರಿ: ಫೋಟೋ ದಿನಕ್ಕೆ ನಾಲ್ಕೈದು ದಿನ ಮುಂಚೆ ಸುಮ್ನೆ ಸ್ಟುಡಿಯೋಗೆ ಹೋಗಿ ಬನ್ನಿ. ಕ್ಯಾಮೆರಾ ಹೊರಗೆ ಬರುವುದೇ ಬೇಡ. ಆ ಕುರ್ಚಿಯಲ್ಲಿ ಕೂತು ನೋಡಿ. ‘ನನ್ನ ಹಲ್ಲಿನ ಬಗ್ಗೆ ನನಗೆ ಮುಜುಗರ ಇದೆ’ ಅಂತ ಬಾಯಿಬಿಟ್ಟು ಹೇಳಿ. ಹೇಳದೆ ಹೋದರೆ ಫೋಟೋ ತೆಗೆಯುವ ಅಷ್ಟು ಹೊತ್ತೂ ನಿಮ್ಮ ಇಡೀ ಮೈ ಹಲ್ಲು ಮುಚ್ಚುವ ಕೆಲಸದಲ್ಲೇ ಇರುತ್ತದೆ. ಅದನ್ನು ಕೇಳಿಸಿಕೊಂಡು ಫೋಟೋಗ್ರಾಫರ್ ನಕ್ಕುಬಿಟ್ಟರೆ, ಇಲ್ಲವೇ ‘ಕಂಪ್ಯೂಟರಲ್ಲಿ ಸರಿ ಮಾಡಿಬಿಡ್ತೀನಿ ಬಿಡಿ’ ಅಂದರೆ, ಬೇರೆ ಸ್ಟುಡಿಯೋ ನೋಡಿ. ನಾನು ಇದನ್ನು ಗಟ್ಟಿಯಾಗೇ ಹೇಳುತ್ತಿದ್ದೇನೆ.

ನಗು ಅಪ್ಪಣೆಗೆ ಬರುವುದಿಲ್ಲ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಇದನ್ನು ಬರೆದಿಟ್ಟಿದ್ದಾನೆ: ತುಟಿಯ ತುದಿಯನ್ನು ಮೇಲಕ್ಕೆಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಖುಷಿಗೆ ಮಾತ್ರ ಏಳುತ್ತದೆ. ಸ್ಮೈಲ್ ಪ್ಲೀಸ್ ಅಂದಾಗ ಬಾಯಿ ನಗುತ್ತದೆ, ಕಣ್ಣು ಗಾಬರಿಯಲ್ಲೇ ಇರುತ್ತದೆ. ನಾನು ಎದುರಿಗಿರುವವರನ್ನು ಮಾತಿಗೆ ಎಳೆಯುತ್ತೇನೆ. ನಿಮ್ಮನ್ನಾದರೆ, ನೀವು ತೆಗೆದುಕೊಂಡ ಮೊದಲನೇ ಕ್ಲಾಸಿನ ಬಗ್ಗೆ ಕೇಳುತ್ತಿದ್ದೆ. ಜೋರಾಗಿ ನಕ್ಕು, ನಗು ಇಳಿಯುತ್ತಾ ಬಂದು, ತುಟಿಗಳು ಇನ್ನೂ ಪೂರ್ತಿ ಸೇರಿರುವುದಿಲ್ಲ, ಕಣ್ಣಲ್ಲಿ ಬೆಳಕು ಉಳಿದಿರುತ್ತದೆ. ನಿಮ್ಮಂಥವರ ಫೋಟೋ ತೆಗೆಯಬೇಕಾದದ್ದು ಆ ಹೊತ್ತಿನಲ್ಲಿ. ಹಲ್ಲು ಸ್ವಲ್ಪ ಕಾಣುತ್ತದೆ. ಕಾಣಲಿ. ಬಿಗಿ ಹಿಡಿದ ತುಟಿ ಉಬ್ಬನ್ನು ಮುಚ್ಚುವುದಿಲ್ಲ, ಅಲ್ಲೊಂದು ಉಬ್ಬಿದೆ ಎಂದು ಬೆರಳು ಮಾಡಿ ತೋರಿಸುತ್ತದೆ.

ಸೀರೆ: ಈ ಫೋಟೋಕ್ಕೆ ಅಂತ ಹೊಸದು ಕೊಳ್ಳಬೇಡಿ. ಕಾಲೇಜಿಗೆ ಉಟ್ಟು ಹೋದಾಗ ನಿಮಗೇ ಹಗುರ ಅನ್ನಿಸುವ ಕಾಟನ್ ಸೀರೆ ಇರುತ್ತದಲ್ಲ, ಅದು. ತೀರಾ ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ. ಆ ಗೆರೆಗಳೂ ಕ್ಯಾಮೆರಾದೊಳಗಿನ ಸೆನ್ಸರಿನ ಸಾಲುಗಳೂ ಒಂದಕ್ಕೊಂದು ಸಿಕ್ಕಿ ಬಟ್ಟೆಯ ಮೇಲೆ ಇಲ್ಲದ ಅಲೆಗಳು ಮೂಡುತ್ತವೆ. ಅಗಲ ಜರಿ ಅಂಚು ಹೆಗಲ ಮೇಲೆ ಬಂದರೆ ಲೈಟಿಗೆ ಹೊಳೆದು ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಬ್ಲೌಸ್ ಬಿಗಿಯಾಗಿದ್ದರೆ ಉಸಿರೇ ಮೇಲೆ ನಿಲ್ಲುತ್ತದೆ, ಆ ಬಿಗಿತ ಕುತ್ತಿಗೆಯಲ್ಲಿ ಕಾಣುತ್ತದೆ. ಎರಡು ಸೀರೆ ತನ್ನಿ, ಸೇಫ್ಟಿ ಪಿನ್ ಮನೆಯಿಂದಲೇ ತನ್ನಿ.

ಹುಬ್ಬು ತಿದ್ದಿಸುವುದಿದ್ದರೆ ಎರಡು ಮೂರು ದಿನ ಮುಂಚೆ. ಹಿಂದೆಂದೂ ಮಾಡಿಸದ ಫೇಶಿಯಲ್ಲನ್ನು ಆ ವಾರ ಶುರು ಮಾಡಬೇಡಿ. ಆ ದಿನ ಸನ್‌ಸ್ಕ್ರೀನ್ ದಪ್ಪ ಹಚ್ಚಬೇಡಿ. ತುಂಬ ಸನ್‌ಸ್ಕ್ರೀನುಗಳಲ್ಲಿ ಇರುವ ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆಯುತ್ತವೆ. ಮುಖ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ, ಕುತ್ತಿಗೆ ಬೇರೆ ಬಣ್ಣವಾಗಿ ಉಳಿಯುತ್ತದೆ.

ಕೂತಾಗ ಬೆನ್ನು ಕುರ್ಚಿಗೆ ಒರಗಿಸಬೇಡಿ. ಹೆಗಲನ್ನು ಒಂದು ಕಡೆ ಸ್ವಲ್ಪ ತಿರುಗಿಸಿ ಮುಖ ಮಾತ್ರ ಕ್ಯಾಮೆರಾ ಕಡೆ ತನ್ನಿ. ಗದ್ದವನ್ನು ಮುಂದಕ್ಕೆ ಚಾಚಿ, ಆಮೇಲೆ ಒಂಚೂರು ಕೆಳಕ್ಕೆ. ಮೊದಲ ಸಲ ಇದು ವಿಚಿತ್ರ ಅನ್ನಿಸುತ್ತದೆ, ಫೋಟೋದಲ್ಲಿ ಸಹಜವಾಗಿ ಕಾಣುತ್ತದೆ. ಉಸಿರು ಹೊರಗೆ ಬಿಡುತ್ತಾ ಇರುವಾಗ ಕ್ಲಿಕ್ ಮಾಡಲು ಹೇಳಿ. ಮೊದಲ ಹತ್ತಿಪ್ಪತ್ತು ಫೋಟೋ ಲೆಕ್ಕಕ್ಕಿಲ್ಲ ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಅವು ಮೈ ಸಡಿಲಾಗುವುದಕ್ಕೆ.

ಇನ್ನೊಂದು ಮಾತು. ಈ ಫೋಟೋವನ್ನು ಯಾರು ನೋಡುತ್ತಾರೆ ಎಂದು ಮುಂಚೆಯೇ ಯೋಚಿಸಿಕೊಳ್ಳಿ. ಪಾವಗಡದ ಕಡೆಯ ಯಾವುದೋ ಊರಿನ ಹುಡುಗಿ, ಅವಳ ಮನೆಯಲ್ಲಿ ಡಿಗ್ರಿ ಓದುವವಳು ಅವಳೇ ಮೊದಲು, ಕಾಲೇಜು ಹೇಗಿದೆಯೋ ಅಂತ ಮೊಬೈಲಿನಲ್ಲಿ ನೋಡುತ್ತಾಳೆ. ಮೊದಲು ಸಿಗುವುದು ನಿಮ್ಮ ಮುಖ. ಕ್ಯಾಮೆರಾದ ಗಾಜನ್ನು ನೋಡುವಾಗ ಅವಳನ್ನು ನೋಡುತ್ತಿದ್ದೇನೆ ಅಂದುಕೊಳ್ಳಿ. ನಿಮಗೆ ಅದು ಬರುತ್ತದೆ, ಇಷ್ಟು ವರ್ಷ ಮಾಡಿರುವುದೂ ಅದನ್ನೇ ಅಲ್ವಾ? ಕೊನೆಗೆ ಫೋಟೋ ಆರಿಸುವಾಗ ಒಬ್ಬ ಆಪ್ತ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಳ್ಳಿ. ನಿಮ್ಮ ಕಣ್ಣು ಹಲ್ಲಿಗೇ ಹೋಗುತ್ತದೆ, ಅವರ ಕಣ್ಣು ನಿಮ್ಮ ಕಡೆ ಹೋಗುತ್ತದೆ.

ಪ್ರಶ್ನೆ: ನಮ್ಮೂರು ರಾಯಚೂರು ಹತ್ತಿರ, ಪುಣೆಯಲ್ಲಿ ಇಂಜಿನಿಯರ್ ಕೆಲಸ. ನನ್ನ ಬಣ್ಣ ಕಪ್ಪು. ಲಿಂಕ್ಡ್‌ಇನ್‌ಗೆ ಅಂತ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ. ಕೇಳದೇನೇ ನನ್ನನ್ನು ಬೆಳ್ಳಗೆ ಮಾಡಿ ಕೊಟ್ಟರು. ಅವ್ವ ನೋಡಿ ‘ಇದು ನೀನಾ?’ ಅಂದಳು. ಮತ್ತೆ ಸ್ಟುಡಿಯೋಕ್ಕೆ ಹೋಗಲು ಮನಸ್ಸಾಗುತ್ತಿಲ್ಲ. ಆದರೆ ಮೊಬೈಲಲ್ಲಿ ತೆಗೆದರೆ ಮುಖವೇ ಕಾಣಲ್ಲ, ಬರೀ ಕತ್ತಲು. ಏನು ಮಾಡಲಿ ಅಕ್ಕ?
— ಓದುಗ, ಪುಣೆ

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ಸಿಟ್ಟು ಬಂತು, ನಿನ್ನ ಮೇಲಲ್ಲ. ಕೇಳದೆ ಬಣ್ಣ ಬದಲಾಯಿಸುವುದು ನಮ್ಮ ಕಸುಬಿನ ಕೆಟ್ಟ ಚಾಳಿ. ಹುಡುಗಿಯರ ಮದುವೆ ಫೋಟೋದಲ್ಲಿ ಶುರುವಾದದ್ದು ಈಗ ಎಲ್ಲರ ಫೋಟೋಕ್ಕೂ ಹಬ್ಬಿದೆ. ‘ಸ್ವಲ್ಪ ಫೇರ್ ಮಾಡ್ಲಾ?’ ಎಂದು ಕೇಳುವವರೂ ತಾವು ಉಪಕಾರ ಮಾಡುತ್ತಿದ್ದೇವೆ ಅಂತಲೇ ನಂಬಿರುತ್ತಾರೆ.

ಇದರಲ್ಲಿ ತಾಂತ್ರಿಕ ಭಾಗವೂ ಇದೆ, ಅದನ್ನು ತಿಳಿದುಕೋ. ಎದುರಿಗಿರುವುದನ್ನೆಲ್ಲ ಸರಾಸರಿ ಮಾಡಿ ನಡುವಿನ ಬೂದು ಬಣ್ಣಕ್ಕೆ ತರಬೇಕು ಎನ್ನುವುದು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ಲೆಕ್ಕ. ಬಿಳಿ ಗೋಡೆಯ ಮುಂದೆ ನಿಂತರೆ ಅದು ಗೋಡೆಯ ಬಿಳಿಯನ್ನು ತಗ್ಗಿಸಲು ಹೋಗಿ ಮುಖವನ್ನೂ ಕತ್ತಲು ಮಾಡುತ್ತದೆ. ತಪ್ಪು ಗೋಡೆಯದು, ನಿನ್ನ ಚರ್ಮದ್ದಲ್ಲ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಮುಖದ ಜಾಗವನ್ನು ಒತ್ತಿ, ಪಕ್ಕದಲ್ಲಿ ಬರುವ ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಜಾರಿಸು. ಹಿಂದೆ ಬಿಳಿ ಗೋಡೆ ಬದಲು ಬೂದು, ಕಾವಿ, ಕಡು ಹಸಿರು ಏನಾದರೂ ಇರಲಿ.

ರೀಲಿನ ಕಾಲದಿಂದಲೂ ಈ ಅನ್ಯಾಯ ಇತ್ತು. ಕಲರ್ ಲ್ಯಾಬುಗಳು ಬಣ್ಣ ಹೊಂದಿಸಿಕೊಳ್ಳಲಿ ಎಂದು ಕೊಡಾಕ್ ಕಂಪನಿ ಒಂದು ಮಾದರಿ ಫೋಟೋ ಕಳಿಸುತ್ತಿತ್ತು. ಶರ್ಲಿ ಕಾರ್ಡ್ ಅಂತ ಅದಕ್ಕೆ ಹೆಸರು. ಬಹಳ ವರ್ಷ ಆ ಕಾರ್ಡಿನಲ್ಲಿ ಇದ್ದದ್ದು ಬಿಳಿಯ ಹೆಂಗಸರು. ಅವರ ಮುಖ ಸರಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ನಮ್ಮಂಥವರ ಮುಖ ಹೇಗೆ ಬಂತು ಎಂದು ಯಾರೂ ನೋಡಲಿಲ್ಲ.

ಆದರೆ ನಮ್ಮವರೇ ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡು. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ಹುಡುಕಿ ನೋಡು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಆ ಮಕ್ಕಳ ಮುಖದ ಮೇಲೆ ಬೆಳಕು ಹೇಗೆ ಕೂತಿದೆ ಗಮನಿಸು. ಕಪ್ಪು ಚರ್ಮದಲ್ಲಿ ಮುಖದ ಆಕಾರ ತೋರಿಸುವುದು ಹೊಳಪು. ಕೆನ್ನೆಯ ಮೂಳೆ, ಮೂಗಿನ ನೇರ, ಹಣೆಯ ಅಂಚಿನ ಆ ಹೊಳಪು ಇರಲೇಬೇಕು. ಅದಕ್ಕೇ ಪೌಡರ್ ಬಳಿಯಬೇಡ, ಮುಖ ಮಂಕಾಗುತ್ತದೆ. ಬೆವರು, ಎಣ್ಣೆ ಜಾಸ್ತಿಯಾದರೆ ಟಿಶ್ಯೂ ಕಾಗದ ಒತ್ತಿ ತೆಗೆದರೆ ಸಾಕು. ದೊಡ್ಡ ಸಾಫ್ಟ್‌ಬಾಕ್ಸ್, ಅಂದರೆ ಬಿಳಿ ಬಟ್ಟೆ ಮುಚ್ಚಿ ಬೆಳಕನ್ನು ಮೆತ್ತಗೆ ಮಾಡುವ ಪೆಟ್ಟಿಗೆಯಂಥ ಲೈಟು, ಒಂದು ಪಕ್ಕದಲ್ಲಿಡಿ ಎಂದು ಕೇಳು. ಎದುರಿಗೆ ನೇರ ಫ್ಲ್ಯಾಶ್ ಹೊಡೆದರೆ ಮುಖ ಚಪ್ಪಟೆಯಾಗುತ್ತದೆ.

ಅಂಗಿ ಸಾಸಿವೆ ಹಳದಿ, ತಿಳಿ ನೀಲಿ, ಇಟ್ಟಿಗೆ ಕೆಂಪು, ಯಾವುದಾದರೂ ಸರಿ. ‘ನಿನಗೆ ಈ ಬಣ್ಣ ಒಪ್ಪಲ್ಲ’ ಎಂದು ಯಾರೋ ಚಿಕ್ಕಂದಿನಲ್ಲಿ ಹೇಳಿದ್ದರೆ ಅದೇ ಬಣ್ಣದ ಅಂಗಿಯನ್ನೂ ಒಂದು ತಗೊಂಡು ಹೋಗು. ನೋಡೇ ಬಿಡೋಣ.

ದುಡ್ಡು ಕೊಡುವ ಮುಂಚೆ ಒಂದು ವಾಕ್ಯ ಹೇಳು: ‘ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು ಮಾತ್ರ ತೆಗೆಯಿರಿ, ಉಳಿದದ್ದು ಮುಟ್ಟಬೇಡಿ.’ ಮೊಡವೆ, ಶೇವ್ ಮಾಡುವಾಗ ಆದ ಗಾಯ ಹೋಗಲಿ. ಬಣ್ಣ, ಮಚ್ಚೆ, ಹಳೇ ಕಲೆ ನಿನ್ನವು. ಸ್ಟುಡಿಯೋದವರು ಇದನ್ನು ಬರೆದುಕೊಂಡರೆ ಇನ್ನೂ ಒಳ್ಳೆಯದು. ಹೊಸ ಫೋಟೋ ಬಂದ ಮೇಲೆ ಮೊದಲು ಅವ್ವನಿಗೆ ಕಳಿಸು.

ಪ್ರಶ್ನೆ: ನಾನು ವಕೀಲೆ. ಆಫೀಸಿನಲ್ಲಿ ಹಾಕಲು ಕೋಟು, ಬ್ಯಾಂಡ್ ಹಾಕಿಕೊಂಡ ಫೋಟೋ ಬೇಕು. ಪ್ರತಿ ಸಲ ಕನ್ನಡಕದಲ್ಲಿ ಲೈಟು ಹೊಳೆದು ಕಣ್ಣೇ ಕಾಣುವುದಿಲ್ಲ. ಕನ್ನಡಕ ತೆಗೆದು ಕೂರಲಾ?
— ಓದುಗರು, ಶಿರಸಿ

ಉತ್ತರ: ತೆಗೆಯಬೇಡಿ. ದಿನಾ ಹಾಕುವವರು ಕನ್ನಡಕ ತೆಗೆದರೆ ಕಣ್ಣು ಸೋತ ಹಾಗೆ ಕಾಣುತ್ತದೆ, ನಿಮಗೂ ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತದೆ. ಕಿವಿಯ ಹಿಂದಿನ ಕಡ್ಡಿಯನ್ನು ಒಂಚೂರು ಮೇಲಕ್ಕೆ ಎತ್ತಿ, ಗಾಜು ಕೆಳಮುಖವಾಗುತ್ತದೆ. ಲೈಟನ್ನು ಇನ್ನಷ್ಟು ಎತ್ತರಕ್ಕೆ ಏರಿಸಲು ಹೇಳಿ. ಹೊಳಪು ಹೋಗುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜಾದರೆ ಒಳಗೆ ಬಂದು ಕೆಲವು ನಿಮಿಷ ಕೂತು, ತಿಳಿಯಾದ ಮೇಲೆ ಫೋಟೋಕ್ಕೆ ಹೋಗಿ. ಕಪ್ಪು ಕೋಟು ಕಪ್ಪು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ಹಾಗಾಗಿ ಹಿಂದೆ ಬೂದು ಬಣ್ಣ ಕೇಳಿ. ಕೋಟಿನ ಮೇಲಿನ ಒಂದು ಕೂದಲೂ ದೊಡ್ಡದಾಗಿ ಕಾಣುತ್ತದೆ, ಬ್ರಷ್ ತಗೊಂಡು ಹೋಗಿ. ಬ್ಯಾಂಡ್ ಇಸ್ತ್ರಿ ಮಾಡಿರಲಿ.

ಪ್ರಶ್ನೆ: ಹೊಸ ಕೆಲಸಕ್ಕೆ ಫೋಟೋ ತೆಗೆಸಲು ಹೋಗಿದ್ದೆ. ಫೋಟೋಗ್ರಾಫರ್ ಹೇಳದೆ ಕೇಳದೆ ನನ್ನ ಗದ್ದ ಹಿಡಿದು ಮುಖ ತಿರುಗಿಸಿದರು, ಕೂದಲು ಸರಿ ಮಾಡಿದರು. ಮೈ ಮುದುಡಿಹೋಯಿತು. ಆಮೇಲೆ ತೆಗೆದ ಎಲ್ಲ ಫೋಟೋದಲ್ಲೂ ಅದೇ ಕಾಣುತ್ತದೆ. ಇದು ಸಾಮಾನ್ಯವಾ? ನಾನೇ ಜಾಸ್ತಿ ಮಾಡುತ್ತಿದ್ದೇನಾ?
— ಓದುಗರು, ಹುಬ್ಬಳ್ಳಿ

ಉತ್ತರ: ನೀವು ಜಾಸ್ತಿ ಮಾಡುತ್ತಿಲ್ಲ. ಹಾಗೆ ಮಾಡುವವರು ಇದ್ದಾರೆ, ಆದರೆ ಮಾಡಬಾರದು. ಮುಖ ತಿರುಗಿಸಲು ಮುಟ್ಟುವ ಅಗತ್ಯವೇ ಇಲ್ಲ. ನಾನು ನನ್ನ ಕೈಯನ್ನು ಗಾಳಿಯಲ್ಲಿ ತಿರುಗಿಸಿ ‘ನನ್ನ ಬೆರಳನ್ನೇ ನೋಡಿ’ ಅನ್ನುತ್ತೇನೆ, ಮುಖ ತಾನಾಗಿ ಬರುತ್ತದೆ. ಕೂದಲು ಹಾರಿದ್ದರೆ ಕನ್ನಡಿ ಕೊಡುತ್ತೇನೆ. ಸೆರಗು, ದುಪಟ್ಟ ಸರಿ ಮಾಡಲೇಬೇಕು ಅಂದರೆ ಮೊದಲು ಕೇಳುತ್ತೇನೆ, ಹೆಂಗಸರಿಗೂ ಸಹ.

ಮುಂದಿನ ಸಲ ಫೋನಿನಲ್ಲೇ ಹೇಳಿ: ‘ಮುಟ್ಟದೆ ಬಾಯಲ್ಲಿ ಹೇಳಿ, ನಾನು ಮಾಡುತ್ತೇನೆ.’ ಅಕ್ಕನನ್ನೋ ಗೆಳತಿಯನ್ನೋ ಕರಕೊಂಡು ಹೋಗಿ. ಹೊರಗೆ ಕೂರಿಸದೆ ಒಳಗೇ ಕೂರಿಸಿಕೊಳ್ಳಿ. ಬೇಡ ಅನ್ನುವವರ ಹತ್ತಿರ ತೆಗೆಸಬೇಡಿ. ನಡುವೆ ಸರಿ ಬರಲಿಲ್ಲ ಅಂದರೆ ಎದ್ದು ಬರಬಹುದು. ಅಡ್ವಾನ್ಸ್ ಹೋದರೆ ಹೋಗಲಿ.

ನಿಮ್ಮ ಫೋಟೋವನ್ನು ಅವರು ಅಂಗಡಿ ಮುಂದೆ, ಇನ್‌ಸ್ಟಾಗ್ರಾಮಿನಲ್ಲಿ ಹಾಕಿಬಿಟ್ಟರೆ ಎಂಬ ಭಯವೂ ಹಲವರಿಗೆ ಇರುತ್ತದೆ. ಅದಕ್ಕೂ ಉತ್ತರ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ನೀವು ಹೇಳಿ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ನೀವು. ಬೇರೆ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಮಾತ್ರ ಅದು ಬದಲಾಗುತ್ತದೆ. ಹಾಗಾಗಿ ಸಹಿ ಹಾಕುವ ಮುಂಚೆ ಓದಿ, ‘ನನ್ನ ಫೋಟೋ ಎಲ್ಲೂ ಹಾಕಬಾರದು’ ಎಂದು ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಕಳಿಸಿ. ಇಷ್ಟು ಮಾಡಿಕೊಂಡು ಹೋದರೆ ಕುರ್ಚಿಯಲ್ಲಿ ಬೇರೆ ಥರಾನೇ ಕೂರುತ್ತೀರಿ.

ಪ್ರಶ್ನೆ: ನನಗ ಈಗ 74. ಮೊದಲನೇ ಕವನ ಸಂಕಲನ ಬರ್ತಾ ಇದೆ. ಹಿಂದಿನ ರಕ್ಷಾಪುಟಕ್ಕ ಫೋಟೋ ಬೇಕಂತಾರ ಪ್ರಕಾಶಕರು. ಈ ವಯಸ್ಸಿನ್ಯಾಗ ಫೋಟೋ ತೆಗೆಸೋದು ಹಾರ ಹಾಕ್ಲಿಕ್ಕೇ ಅಂತ ಮನಸ್ಸಿಗೆ ಬರ್ತದ. ಕ್ಯಾಮೆರಾ ಕಂಡ ಕೂಡಲೇ ಮುಖ ಗಂಟಾಗ್ತದ.
— ಒಬ್ಬ ಹಿರಿಯರು, ಧಾರವಾಡ

ಉತ್ತರ: ಸರ್, ನಿಮ್ಮ ಮನಸ್ಸಿಗೆ ಬಂದದ್ದು ನಮ್ಮ ಮನೆಗಳಲ್ಲಿ ತುಂಬ ಜನರಿಗೆ ಬರುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ನಡುಮನೆಯ ಗೋಡೆಯಲ್ಲಿ ಅಜ್ಜಂದಿರು ಹೇಗೆ ನೇರ ನೋಡುತ್ತಾ ಕೂತಿದ್ದಾರೋ ಹಾಗೆ ಕೂತರೇನೇ ಫೋಟೋ ಅಂತ ನಾವು ಕಲಿತುಬಿಟ್ಟಿದ್ದೇವೆ. 1839ರಲ್ಲಿ ಫ್ರಾನ್ಸಿನ ಡಾಗೆರ್ ತನ್ನ ವಿಧಾನವನ್ನು ಪ್ರಕಟಿಸಿದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಆಮೇಲೆ ಸಮಯ ಕಡಿಮೆಯಾದರೂ ಬಹಳ ಕಾಲ ಸ್ಟುಡಿಯೋಗಳಲ್ಲಿ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಅಷ್ಟು ಹೊತ್ತು ನಗು ಹಿಡಿಯಲು ಆಗುತ್ತಿರಲಿಲ್ಲ. ಆ ಗಂಟು ಮುಖಕ್ಕೆ ಅದೂ ಒಂದು ಕಾರಣ. ಇವತ್ತಿನ ಕ್ಯಾಮೆರಾಕ್ಕೆ ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲೂ ಜಾಸ್ತಿ. ಅಲ್ಲಾಡಿ, ಮಾತಾಡಿ, ಏನೂ ತೊಂದರೆ ಇಲ್ಲ.

ಸ್ಟುಡಿಯೋಕ್ಕೆ ಹೋಗಬೇಡಿ. ಫೋಟೋಗ್ರಾಫರನ್ನು ಮನೆಗೆ ಕರೆಸಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ನೀವು ದಿನಾ ಬರೆಯುವ ಕುರ್ಚಿಯಲ್ಲಿ ಕೂತು, ಮನೆಯಲ್ಲಿ ಹಾಕುವ ಬಟ್ಟೆಯಲ್ಲೇ, ನಿಮ್ಮ ಸಂಕಲನದ ಕವಿತೆ ಒಂದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ನಿಮಗೆ ಬಹಳ ಇಷ್ಟದ ಸಾಲು ಬಂದಾಗ ತಲೆ ಎತ್ತಿ ನೋಡಿ. ಅವರು ಕಾಯುತ್ತಾ ಇರಲಿ. ಈ ಫೋಟೋ ನಿಮ್ಮ ಮೊದಲ ಪುಸ್ತಕದ್ದು. ಮನಸ್ಸಿನಲ್ಲಿ ಆ ಲೆಕ್ಕ ಇಟ್ಟುಕೊಂಡು ಕೂತುಕೊಳ್ಳಿ.

ಮೊಮ್ಮಕ್ಕಳಿಗೆ ಒಂದು ಕೆಲಸ ಹೇಳಿ: ಪ್ರಕಾಶಕರಿಗೆ ಫೋಟೋವನ್ನು ವಾಟ್ಸಾಪಿನಲ್ಲಿ ಹಾಗೇ ಕಳಿಸಬಾರದು, ಕುಗ್ಗಿ ಮಂಕಾಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಲಿ, ಅಥವಾ ಇಮೇಲ್ ಮಾಡಲಿ. ಮುದ್ರಣಕ್ಕೆ ಒಂದು ಇಂಚಿಗೆ 300 ಚುಕ್ಕಿ ಬೇಕಾಗುತ್ತದೆ.

ಪ್ರಶ್ನೆ: ಕೈ ಎಲ್ಲಿಡಬೇಕು?
— ಓದುಗ, ಚಿತ್ರದುರ್ಗ

ಉತ್ತರ: ಕೈಗೆ ಕೆಲಸ ಕೊಡಿ. ಪೆನ್ನು, ಪುಸ್ತಕ, ನಿಮ್ಮ ಕಸುಬಿನ ಯಾವುದಾದರೂ ಒಂದು ಸಾಮಾನು. ಏನೂ ಇಲ್ಲ ಅಂದರೆ ಕುರ್ಚಿಯ ಬೆನ್ನಿನ ಮೇಲೆ ಮೆಲ್ಲಗೆ ಇಡಿ, ಗಟ್ಟಿಯಾಗಿ ಹಿಡಿಯಬೇಡಿ. ಮುಷ್ಟಿ ಕಟ್ಟಿಕೊಂಡಿದ್ದರೆ ಒಂದು ಸಲ ಬೆರಳು ಅಗಲಿಸಿ ಬಿಟ್ಟುಬಿಡಿ. ಎದೆಯ ತನಕದ ಫೋಟೋ ಆದರೆ ಕೈ ಕಾಣುವುದೇ ಇಲ್ಲ, ತೊಡೆಯ ಮೇಲೆ ಎಲ್ಲಿ ಬೇಕಾದರೂ ಇರಲಿ.